ದುಃಖದ ಮನೆಯಲ್ಲಿ ನಗು ಬಂದರೆ ಏನು ಮಾಡಬೇಕು?

ಅಪ್ಪಯ್ಯ ತೀರಿಕೊಂಡದ್ದು ಆಷಾಢದಲ್ಲಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಆಷಾಢದ ಮಳೆ ನಿಮಗೆ ಗೊತ್ತಲ್ಲ, ಮಧ್ಯಾಹ್ನ ಯಾವುದು ಸಂಜೆ ಯಾವುದು ಅಂತ ತಿಳಿಯುವುದಿಲ್ಲ. ಹತ್ತನೇ ದಿನ ತೋಟದ ಅಂಚಿನಲ್ಲಿ ಬಾಳೆ ಎಲೆಯ ಮೇಲೆ ಪಿಂಡ ಇಟ್ಟು ಎಲ್ಲರೂ ಕೊಡೆ ಹಿಡಿದು ದೂರ ನಿಂತೆವು. ಕಾಗೆ ಬರಲಿಲ್ಲ. ಅಣ್ಣ ಕೈಮುಗಿದು, ತೋಟ ಮಾರುವುದಿಲ್ಲ ಅಂದ. ಚಿಕ್ಕಪ್ಪ, ತಂಗಿಯ ಮದುವೆ ನನ್ನ ಜವಾಬ್ದಾರಿ ಅಂದರು. ಒಬ್ಬೊಬ್ಬರಾಗಿ ಎಲ್ಲರೂ ಮಾತು ಕೊಟ್ಟದ್ದಾಯಿತು, ಅರ್ಧ ಗಂಟೆ ಕಳೆಯಿತು, ಕಾಗೆಯ ಸದ್ದಿಲ್ಲ. ಆಗ ಹಿಂದೆ ನಿಂತಿದ್ದ ದೊಡ್ಡತ್ತೆ, ಅಪ್ಪಯ್ಯನ ಅಕ್ಕ, ಎಂಬತ್ತು ದಾಟಿದವರು, ತಮ್ಮನನ್ನು ಮಾಣಿ, ಅಂದರೆ ಹುಡುಗ, ಅಂತಲೇ ಕರೆಯುವವರು, ಹೇಳಿದರು: "ಮಾಣಿ ಕಾಫಿ ಕುಡೀದೆ ಯಾವತ್ತು ತಿಂಡಿ ತಿಂದಿದಾನೆ? ಮೊದ್ಲು ಒಂದು ಲೋಟ ಕಾಫಿ ತಂದಿಡ್ರೋ."

ಅಮ್ಮ ನಕ್ಕಳು. ಹತ್ತು ದಿನದಲ್ಲಿ ಮೊದಲ ಸಲ. ಭುಜ ಕುಲುಕುವಷ್ಟು ನಕ್ಕಳು, ಮರುಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡು ಸುತ್ತ ನೋಡಿದಳು. ಯಾರಾದರೂ ನೋಡಿಬಿಟ್ಟರಾ ಅನ್ನುವ ಹೆದರಿಕೆಯ ನೋಟ ಅದು. ಮೂರು ವರ್ಷವಾಯಿತು, ನನಗೆ ಆ ನಗುವಿಗಿಂತ ಆ ನೋಟವೇ ಜಾಸ್ತಿ ನೆನಪಿದೆ. ತನ್ನ ಗಂಡನ ಬಗ್ಗೆ, ತನ್ನ ಗಂಡನ ಅಕ್ಕ ಆಡಿದ ಒಂದು ಪ್ರೀತಿಯ ಮಾತಿಗೆ ನಗುವುದಕ್ಕೂ ಅವಳು ಹೆದರಬೇಕಾಯಿತಲ್ಲ ಅಂತ.

ಇದನ್ನು ಬರೆಯುತ್ತಿರುವುದು ಅದಕ್ಕೇ. ಮನೆಯಲ್ಲಿ ಸಾವಾದವರಿಗೆ, ಕೆಲಸ ಹೋದವರಿಗೆ, ಅಡಿಕೆಯ ಕೊಳೆರೋಗಕ್ಕೆ ಫಸಲು ಕಳೆದುಕೊಂಡವರಿಗೆ, ಕಾಯಿಲೆಯವರನ್ನು ನೋಡಿಕೊಳ್ಳುತ್ತಾ ಸುಸ್ತಾದವರಿಗೆ ಇದು ಬೇಕಾಗಬಹುದು. ನಮ್ಮ ಕಡೆ ತಮಾಷೆಗೆ ಕುಶಾಲು ಅಂತ ಒಂದು ಒಳ್ಳೆಯ ಮಾತಿದೆ. ಆ ಕುಶಾಲನ್ನು ಕಷ್ಟದ ಹೊತ್ತಿನಲ್ಲಿ ಹೇಗೆ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ನಾನು ನೋಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು: ಬಂದ ನಗುವನ್ನು ತಡೆಯಬೇಡಿ

ನಗಲೇಬೇಕು ಅಂತ ಹೊರಡಬೇಡಿ. ಆದರೆ ತಾನಾಗಿ ಬಂದರೆ ಬಾಯಿ ಮುಚ್ಚಿಕೊಳ್ಳಬೇಡಿ. ಕ್ಷಮೆ ಕೇಳಬೇಡಿ. "ಛೆ, ಇಂಥಾ ಹೊತ್ತಲ್ಲಿ ನಗ್ತಿದೀನಲ್ಲ" ಅಂತ ಹೇಳಿಕೊಳ್ಳಬೇಡಿ.

ನಗು ಬಂದರೆ ಪ್ರೀತಿ ಕಮ್ಮಿ ಅಂತ ನಮ್ಮಲ್ಲಿ ಎಷ್ಟೋ ಜನ ಒಳಗೊಳಗೇ ನಂಬಿದ್ದಾರೆ. ಅದು ನಿಜವಲ್ಲ ಅಂತ ಹೇಳುವುದಕ್ಕೆ ಅಧ್ಯಯನವೂ ಇದೆ. ಅಮೆರಿಕದಲ್ಲಿ ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಕೂರಿಸಿಕೊಂಡು, ಹೋದವರ ಬಗ್ಗೆ ಮಾತಾಡಿಸಿ, ಅವರ ಮುಖವನ್ನು ಗಮನಿಸಿದರು. ಮಾತಿನ ನಡುವೆ ಕಣ್ಣಂಚು ಸುಕ್ಕಾಗುವಂತೆ ನಿಜವಾಗಿ ನಕ್ಕವರಲ್ಲಿ ಸಂಕಟ ಕಡಿಮೆ ಇತ್ತು, ಸುತ್ತಲಿನ ಜನರ ಜೊತೆ ಹೊಂದಾಣಿಕೆ ಚೆನ್ನಾಗಿತ್ತು. ನಕ್ಕದ್ದರಿಂದಲೇ ಸಂಕಟ ಕಡಿಮೆಯಾಯಿತು ಅಂತ ಇದರಿಂದ ಹೇಳಲಾಗದು. ನಕ್ಕವರಿಗೆ ಪ್ರೀತಿ ಕಡಿಮೆ ಇತ್ತು ಅಂತ ಮಾತ್ರ ಖಂಡಿತ ಹೇಳಲಾಗದು.

ಇನ್ನೊಂದು ವಿಷಯ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನುವ ಸಂಶೋಧಕರು 1999ರಲ್ಲಿ ಬರೆದದ್ದು ಇದು. ದುಃಖದಲ್ಲಿರುವ ಮನಸ್ಸು ಒಂದೇ ಕಡೆ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಹೋದವರ ಕಡೆ, ಸ್ವಲ್ಪ ಹೊತ್ತು ಇವತ್ತಿನ ಬದುಕಿನ ಕಡೆ, ಹೀಗೆ ಹೋಗಿ ಬಂದು ಮಾಡುತ್ತಿರುತ್ತದೆ. ಹಾಗೆ ಓಡಾಡುವುದೇ ಸರಿಯಾದ ದಾರಿ ಅನ್ನುತ್ತಾರೆ ಅವರು. ನನಗಂತೂ ಇದನ್ನು ಓದಿದಾಗ ಅಮ್ಮನ ಆ ಹತ್ತನೇ ದಿನ ಅರ್ಥವಾಯಿತು. ಅವಳು ಒಂದು ಕ್ಷಣ ಈ ಕಡೆ ಬಂದು ಹೋಗಿದ್ದಳು, ಅಷ್ಟೇ.

ನೀವು ಮನೆಯ ಹಿರಿಯರಾಗಿದ್ದರೆ ಒಂದು ಕೆಲಸ ಮಾಡಿ. ಬಾಯಿಬಿಟ್ಟು ಹೇಳಿ. "ಅಳು ಬಂದ್ರೆ ಅಳಿ, ನಗು ಬಂದ್ರೆ ನಗಿ, ಇದು ನಮ್ಮನೆ" ಅಂತ. ಮಕ್ಕಳು, ಸೊಸೆಯಂದಿರು, ಕೊನೆಗೆ ಅಳಿಯಂದಿರು ಕೂಡ ಆ ಒಂದು ಮಾತಿಗೆ ಕಾಯುತ್ತಾ ಇರುತ್ತಾರೆ.

ಎರಡು: ಹಗ್ಗ ನೋವು ತಿಂದವರ ಕೈಯಲ್ಲೇ ಇರಲಿ

ಇದು ಎಲ್ಲಕ್ಕಿಂತ ಮುಖ್ಯ. ಯಾರ ನೋವೋ ಅವರದ್ದೇ ಕುಶಾಲು. ಅವರು ಶುರುಮಾಡಿದರೆ ನೀವು ಜೊತೆಗೆ ನಗಬಹುದು. ಅವರು ಶುರುಮಾಡದೆ ಇದ್ದರೆ ನೀವು ಶುರುಮಾಡಬೇಡಿ.

ನಮ್ಮ ಅಜ್ಜಿಯದು ಮುಳುಗಡೆ ಮನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಹಿನ್ನೀರು ಏರುವ ಮುಂಚೆ ಮನೆಯ ಹೆಂಚು, ತೊಲೆ, ಬಾಗಿಲು ಬಿಚ್ಚಿ ಲಾರಿಗೆ ಹೇರಿಕೊಂಡು ಬಂದವರಲ್ಲಿ ಅವರೂ ಒಬ್ಬರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮರದ ಬೊಡ್ಡೆಗಳು, ಗೋಡೆಯ ಕುರುಹು, ಮಡೆನೂರಿನ ಹಳೆ ಅಣೆಕಟ್ಟು ಎಲ್ಲ ಎದ್ದು ಕಾಣುತ್ತವಲ್ಲ, ಆಗ ಅಜ್ಜಿ ನಮ್ಮನ್ನು ದಡಕ್ಕೆ ಕರೆದುಕೊಂಡು ಹೋಗಿ ಬೆರಳು ಮಾಡಿ ತೋರಿಸುತ್ತಿದ್ದರು. ತೋರಿಸಿ ಒಂದು ಮಾತು ಹೇಳುತ್ತಿದ್ದರು: "ಆ ಮನೆ ಸೋರ್ತದೆ ಅಂತ ನಿಮ್ಮಜ್ಜ ವರ್ಷಾ ವರ್ಷಾ ಹೆಂಚು ಹತ್ತಿ ಸಾಯ್ತಿದ್ರು. ಸರ್ಕಾರದವರು ಒಂದೇ ಸಲಕ್ಕೆ ಸೋರೋ ಚಿಂತೆ ಮುಗಿಸಿದ್ರು ನೋಡು." ನಾವು ನಗುತ್ತಿದ್ದೆವು. ಅಜ್ಜಿಯೂ ನಗುತ್ತಿದ್ದರು. ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾ ನಿಂತು ಆಮೇಲೆ ಹೊರಡುತ್ತಿದ್ದರು.

ಒಂದು ಸಲ ಮನೆಗೆ ಬಂದ ನೆಂಟರೊಬ್ಬರು, ಮುಳುಗಡೆಯವರಲ್ಲ ಅವರು, ಎಲ್ಲರೆದುರು ಅದೇ ಮಾತನ್ನು ಅಜ್ಜಿಗೇ ತಿರುಗಿಸಿ ಹೇಳಿದರು. "ನಿಮಗೆ ಬಿಡಿ, ಸೋರೋ ಚಿಂತೆ ಇಲ್ಲ." ಅಜ್ಜಿ ಎದ್ದು ಒಳಗೆ ಹೋದರು. ಅವತ್ತು ರಾತ್ರಿ ಊಟಕ್ಕೂ ಬರಲಿಲ್ಲ. ಮಾತು ಅದೇ, ಬಾಯಿ ಬೇರೆ. ಅಷ್ಟಕ್ಕೇ ಅದು ಚುಚ್ಚುಮಾತಾಗಿ ಹೋಯಿತು.

ಹಾಗಾದರೆ ಸಾವಿನ ಮನೆಗೆ ಹೋಗುವವರು ಏನು ಮಾಡಬೇಕು? ಮೊದಲು ಕೆಲಸಕ್ಕೆ ನಿಲ್ಲಿ. ಹಾಲು ತನ್ನಿ, ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕಿ, ಹಾಸಿಗೆ ಕಂಬಳಿ ಕಡಿಮೆ ಬಿದ್ದರೆ ನಿಮ್ಮ ಮನೆಯಿಂದ ಹೊತ್ತು ತನ್ನಿ, ಬಸ್ಸಿಳಿದು ಬರುವವರನ್ನು ಬೈಕಲ್ಲಿ ಕರೆತನ್ನಿ. ಮೊದಲ ಎರಡು ಮೂರು ದಿನ ತಮಾಷೆಯ ಮಾತೇ ಬೇಡ. ಸುಮ್ನೆ ಪಕ್ಕದಲ್ಲಿ ಕೂತರೂ ಸಾಕು. ಮನೆಯವರು ತಾವಾಗಿ "ಅವರು ಹೀಗಿದ್ರು ನೋಡಿ" ಅಂತ ನಗುಮುಖದಿಂದ ಒಂದು ಎಳೆ ಬಿಟ್ಟರೆ ಅದನ್ನು ಮೆಲ್ಲಗೆ ಹಿಡಿಯಿರಿ. "ಹೌದು, ಒಂದ್ಸಲ ನನಗೂ ಹಾಗೇ ಮಾಡಿದ್ರು" ಅಂತ ಒಂದು ಕತೆ ಹೇಳಿ. ಒಂದೇ. ಅದಕ್ಕೆ ಅವರ ಮುಖ ಅರಳಿದರೆ ಇನ್ನೊಂದು. ಮುಖ ಬಾಡಿದರೆ ಅಲ್ಲಿಗೆ ಬಿಟ್ಟು "ಕಾಫಿ ಕುಡಿದ್ರಾ" ಅಂತ ಕೇಳಿ.

ದೊಡ್ಡತ್ತೆಯ ಮಾತು ಯಾಕೆ ನಡೆಯಿತು ಅಂತ ಯೋಚಿಸಿದರೆ ಇದೇ ಕಾಣುತ್ತದೆ. ಅವರು ಹೊರಗಿನವರಲ್ಲ. ಎತ್ತಿ ಆಡಿಸಿದ ತಮ್ಮ ಅವನು. ಆ ಮಾತು ನಾನು ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಮೂರು: ಕತೆಗಳನ್ನು ಕೂಡಿಡಿ

ಸತ್ತವರ ಬಗ್ಗೆ ನಾವು ಆಡುವ ಮಾತು ಎಷ್ಟು ಸಪ್ಪೆ ನೋಡಿ. "ಒಳ್ಳೆಯ ಮನುಷ್ಯ." "ಯಾರಿಗೂ ಕೆಟ್ಟದ್ದು ಬಯಸಲಿಲ್ಲ." ಇದರಲ್ಲಿ ಆ ಮನುಷ್ಯ ಎಲ್ಲಿದ್ದಾನೆ? ಯಾರ ಫೋಟೋದ ಕೆಳಗೆ ಬರೆದರೂ ನಡೆಯುವ ಮಾತು ಅದು. ಹೋದವರು ಮತ್ತೆ ಒಂದು ಗಳಿಗೆ ಎದುರಿಗೆ ಬಂದು ನಿಂತ ಹಾಗಾಗುವುದು ಅವರ ಚಾಳಿಗಳಲ್ಲಿ, ಹಟದಲ್ಲಿ, ಅವರು ಯಾವಾಗಲೂ ತಪ್ಪು ಹೇಳುತ್ತಿದ್ದ ಒಂದು ಪದದಲ್ಲಿ. ನಗು ಇರುವುದೂ ಅಲ್ಲೇ. ಅಳು ಇರುವುದೂ ಅಲ್ಲೇ, ಅದಕ್ಕೂ ಸಿದ್ಧವಾಗಿರಿ.

ಹದಿಮೂರನೇ ದಿನ ಊಟವಾದ ಮೇಲೆ ದೂರದ ನೆಂಟರು ಹೊರಡುವ ಮುಂಚೆ ಜಗಲಿಯಲ್ಲಿ ಒಂದು ಗಂಟೆ ಎಲ್ಲರನ್ನೂ ಕೂರಿಸಿ. ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ, ಯಾಕೆಂದರೆ ಅಷ್ಟು ಜನ ಮತ್ತೆ ಒಟ್ಟಿಗೆ ಸೇರುವುದು ಯಾವಾಗಲೋ. ಒಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ, ಅಥವಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. "ಅವರ ಬಗ್ಗೆ ಏನಾದ್ರೂ ಹೇಳಿ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಪ್ರಶ್ನೆ ಸಣ್ಣದಾಗಿರಬೇಕು. ಅವರಿಗೆ ಯಾವುದಕ್ಕೆ ಸಿಟ್ಟು ಬರುತ್ತಿತ್ತು? ಬಸ್ಸಿಗೆ ಎಷ್ಟು ಹೊತ್ತು ಮುಂಚೆ ಹೋಗಿ ನಿಲ್ಲುತ್ತಿದ್ದರು? ಯಾವ ವಸ್ತುವನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ? ದುಡ್ಡು ಎಲ್ಲಿ ಮುಚ್ಚಿಡುತ್ತಿದ್ದರು? ಚಿಕ್ಕಂದಿನಲ್ಲಿ ಯಾವುದಕ್ಕೆ ಪೆಟ್ಟು ತಿಂದಿದ್ದರು? ಇಂಥ ಪ್ರಶ್ನೆಗೆ ಮೂಲೆಯಲ್ಲಿ ಕೂತ ಅಜ್ಜ ಕೂಡ ಬಾಯಿ ತೆರೆಯುತ್ತಾರೆ.

ನಮ್ಮಲ್ಲಿ ಹೀಗೆ ಕೂತಾಗ ಬಂದದ್ದು ಟಾರ್ಚಿನ ಕತೆ. ಅಪ್ಪಯ್ಯನಿಗೆ ಮೂರು ಸೆಲ್ಲಿನ ಒಂದು ಸ್ಟೀಲ್ ಟಾರ್ಚ್ ಇತ್ತು. ಮನೆಯಲ್ಲಿ ಕರೆಂಟು ಹೋದರೂ ಅದನ್ನು ಹಚ್ಚಲು ಬಿಡುತ್ತಿರಲಿಲ್ಲ. "ಸೆಲ್ ಮುಗೀತದೆ, ತೋಟಕ್ಕೆ ಹೋಗಕ್ಕೆ ಬೇಕು" ಅಂತ. ಹಾಗಾಗಿ ಟಾರ್ಚ್ ಹುಡುಕಲು ಅಮ್ಮ ಮೇಣದ ಬತ್ತಿ ಹಚ್ಚಬೇಕಾಗಿತ್ತು. ಅದನ್ನು ಚಿಕ್ಕಪ್ಪ ಹೇಳಿದರು. ಅಣ್ಣ ಅದರ ಮುಂದಿನದನ್ನು ಹೇಳಿದ. ತೋಟಕ್ಕೆ ಕಾಡುಕೋಣ ಬಂದ ರಾತ್ರಿ ಓಡಿ ಹೋಗಿ ಟಾರ್ಚ್ ಒತ್ತಿದರೆ ಹತ್ತಲೇ ಇಲ್ಲ, ಸೆಲ್ ಹಾಳಾಗಬಾರದು ಅಂತ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದರಂತೆ! ನಮಗೆ ಯಾರಿಗೂ ಗೊತ್ತಿರಲಿಲ್ಲ ಈ ಎರಡನೇ ಭಾಗ. ಅಪ್ಪಯ್ಯ ಅಣ್ಣನ ಬಾಯಿ ಮುಚ್ಚಿಸಿದ್ದರು. ಹೋದ ಮೇಲೂ ಅವರ ಬಗ್ಗೆ ಹೊಸದೊಂದು ವಿಷಯ ಸಿಕ್ಕಿತಲ್ಲ ಅನ್ನುವ ಸಂತೋಷಕ್ಕೆ ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ.

ದೂರ ಇರುವವರಿಗೆ ವಾಟ್ಸಾಪ್‌ನಲ್ಲಿ ಮನೆಯವರದ್ದೇ ಒಂದು ಗುಂಪು ಮಾಡಿ, ಬರೆಯುವ ಬದಲು ಧ್ವನಿ ಕಳಿಸಲು ಹೇಳಿ. ವಯಸ್ಸಾದವರಿಗೆ ಅದು ಸುಲಭ, ಕೇಳುವವರಿಗೂ ಹತ್ತಿರ. ಆ ಗುಂಪಿಗೆ ಗುಡ್ ಮಾರ್ನಿಂಗ್ ಚಿತ್ರ, ಫಾರ್ವರ್ಡ್ ಜೋಕು ಯಾವುದೂ ಬರಬಾರದು ಅಂತ ಮೊದಲೇ ಹೇಳಿಬಿಡಿ. ರೆಕಾರ್ಡ್ ಮಾಡಿದ್ದನ್ನು ಫೋನಿನಲ್ಲಷ್ಟೇ ಇಡಬೇಡಿ, ಇನ್ನೊಂದು ಕಡೆಯೂ ಇಡಿ. ಫೋನ್ ಮಳೆಗೆ ಸಿಕ್ಕಿ ಹಾಳಾದರೆ ಆ ಧ್ವನಿ ಮತ್ತೆ ಸಿಗದು.

ನಾಲ್ಕು: ಒಬ್ಬರೇ ಕೂರಬೇಡಿ, ಕೈ ಖಾಲಿ ಇಡಬೇಡಿ

ರಾಬರ್ಟ್ ಪ್ರೊವೈನ್ ಅನ್ನುವ ಅಮೆರಿಕದ ವಿಜ್ಞಾನಿ ನಗುವಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಮನುಷ್ಯ ಒಬ್ಬನೇ ಇರುವಾಗ ನಗುವುದಕ್ಕಿಂತ ಜನರ ಜೊತೆ ಇರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಅಂತ ಅವರು ಕಂಡುಕೊಂಡರು. ಅದರಲ್ಲೂ ಹೆಚ್ಚಿನ ನಗು ಬರುವುದು ಜೋಕಿಗೆ ಅಲ್ಲವೇ ಅಲ್ಲ, ಸಾಮಾನ್ಯ ಮಾತುಕತೆಗೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು ಇನ್ನೊಂದನ್ನು ತೋರಿಸಿದರು. ಜನರೊಡನೆ ಕೂತು ಹೊಟ್ಟೆ ತುಂಬ ನಕ್ಕ ಮೇಲೆ ಮೈಯ ನೋವು ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆ. ಎಂಡಾರ್ಫಿನ್ ಅನ್ನುವ, ಮೈ ತಾನೇ ತಯಾರಿಸುವ ನೋವುನಿವಾರಕ ಇದಕ್ಕೆ ಕಾರಣ ಅನ್ನುವುದು ಅವರ ಲೆಕ್ಕ.

ಆದ್ದರಿಂದ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಒಂದಾದ ಮೇಲೊಂದು ಕಾಮಿಡಿ ರೀಲ್ಸ್ ನೋಡುವುದನ್ನು ನಾನು ಇದಕ್ಕೆ ಲೆಕ್ಕ ಹಿಡಿಯುವುದಿಲ್ಲ. ಅದು ಹೊತ್ತು ಕಳೆಯುತ್ತದೆ, ನಿಜ. ಜೊತೆಗೆ ಇನ್ನೊಬ್ಬರು ಬೇಕು.

ನಮಗೆ ಮಲೆನಾಡಿನವರಿಗೆ ಇದಕ್ಕೆ ಹೇಳಿ ಮಾಡಿಸಿದ ಜಾಗ ಇದೆ, ಅಡಿಕೆ ಸುಲಿಯುವ ಅಂಗಳ. ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಕೂತಿರುತ್ತಾರೆ, ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ, ಕೈಯೆಲ್ಲ ಕಪ್ಪು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಾ ಕೂರುವುದಿಲ್ಲ, ಎಲ್ಲರ ಕಣ್ಣೂ ಕತ್ತಿಯ ಮೇಲೆ. ದುಃಖದಲ್ಲಿರುವವರಿಗೆ ಇದಕ್ಕಿಂತ ಸುಖದ ಕೂಟ ಇಲ್ಲ. ಮಾತಾಡಬೇಕು ಅನ್ನಿಸಿದರೆ ಮಾತಾಡಬಹುದು, ಬೇಡ ಅನ್ನಿಸಿದರೆ ಸುಲಿಯುತ್ತಾ ಕೂರಬಹುದು. ಅತ್ತರೂ ಯಾರೂ ಗಮನಿಸುವುದಿಲ್ಲ. ಅಪ್ಪಯ್ಯ ತೀರಿಕೊಂಡ ವರ್ಷ ಅಮ್ಮ ಸುಲಿಯಲು ಬರುವುದಿಲ್ಲ ಅಂದಿದ್ದಳು. ಪಕ್ಕದ ಮನೆಯ ಅತ್ತಿಗೆ ಒತ್ತಾಯ ಮಾಡಲಿಲ್ಲ. ಅಮ್ಮನ ಮೆಟ್ಟುಗತ್ತಿಯನ್ನು ಒರೆಸಿ, ತನ್ನ ಪಕ್ಕದಲ್ಲಿ ಇಟ್ಟು, ಜಾಗ ಖಾಲಿ ಬಿಟ್ಟು ಕೂತರು. ನಾಲ್ಕನೇ ರಾತ್ರಿ ಅಮ್ಮ ತಾನೇ ಬಂದು ಕೂತಳು.

ಅಡಿಕೆ ಇಲ್ಲದವರು ಹಪ್ಪಳ ಹಚ್ಚಿ, ಹಲಸಿನ ಸೊಳೆ ಬಿಡಿಸಿ, ಮನೆಯ ಅಟ್ಟ ಗುಡಿಸಿ. ಪೇಟೆಯಲ್ಲಿ ಒಬ್ಬರೇ ರೂಮು ಮಾಡಿಕೊಂಡಿರುವ ಮಗನೋ ಮಗಳೋ ಆಗಿದ್ದರೆ ಅಡುಗೆ ಮಾಡುತ್ತಾ ಸ್ಪೀಕರಿನಲ್ಲಿ ಅಕ್ಕನ ಜೊತೆ ಮಾತಾಡಿ. ಹತ್ತಿರದಲ್ಲಿ ನಗೆಕೂಟ ನಡೆಯುತ್ತಿದ್ದರೆ ಅಲ್ಲಿಗೂ ಹೋಗಬಹುದು. 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ಮದನ್ ಕಟಾರಿಯಾ ಅನ್ನುವ ವೈದ್ಯರು ಬೆರಳೆಣಿಕೆಯ ಜನರೊಂದಿಗೆ ಶುರುಮಾಡಿದ್ದು ಅದು. ಕೆಲವರಿಗೆ ಒಗ್ಗುತ್ತದೆ. ಎಲ್ಲರಿಗೂ ಅಲ್ಲ.

ಐದು: ಕಷ್ಟ ಇನ್ನೂ ನಡೆಯುತ್ತಲೇ ಇರುವಾಗ

ಸಾವಿಗೆ ಒಂದು ದಿನಾಂಕ ಇರುತ್ತದೆ. ಸಾಲಕ್ಕೆ, ಕಾಯಿಲೆಗೆ, ಕೊಳೆಗೆ, ಎಲೆಚುಕ್ಕೆ ರೋಗಕ್ಕೆ ಹಾಗಿಲ್ಲ, ದಿನಾ ಬೆಳಿಗ್ಗೆ ಎದ್ದರೆ ಅದೇ ಎದುರಿಗೆ. ಇಲ್ಲಿ ಕುಶಾಲು ಬೇರೆ ಥರ ಕೆಲಸ ಮಾಡುತ್ತದೆ.

ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿಗಳ ಸೆರೆಶಿಬಿರದಲ್ಲಿ ಇದ್ದವರು. ಅಲ್ಲಿ ಜೊತೆಗೆ ಕೂಲಿ ಕೆಲಸ ಮಾಡುತ್ತಿದ್ದ ಗೆಳೆಯನಿಗೆ ಅವರು ಒಂದು ಮಾತು ಹೇಳಿದರು. ದಿನಕ್ಕೆ ಒಂದಾದರೂ ತಮಾಷೆ ಕತೆ ಕಟ್ಟೋಣ, ಅದು ನಾವು ಬಿಡುಗಡೆಯಾದ ಮೇಲೆ ನಡೆಯಬಹುದಾದದ್ದು ಆಗಿರಬೇಕು ಅಂತ. ಶಿಬಿರದ ತೆಳ್ಳಗಿನ ಸೂಪಿನಲ್ಲಿ ಕಾಳು ಇರುತ್ತಿದ್ದದ್ದು ತಳದಲ್ಲಿ. ಹಾಗಾಗಿ, ಮುಂದೊಂದು ದಿನ ದೊಡ್ಡವರ ಮನೆಗೆ ಊಟಕ್ಕೆ ಹೋದಾಗ ನಾವು ಮರೆತು "ಸ್ವಲ್ಪ ತಳದಿಂದ ಬಡಿಸಿ" ಅಂತ ಮನೆಯೊಡತಿಗೆ ಬೇಡಿಕೊಳ್ಳುತ್ತೇವೆ ಅನ್ನುವುದು ಅಂಥ ಒಂದು ಕತೆ. ಇದನ್ನು ಓದಿದಾಗ ನನಗೆ ಹೊಳೆದದ್ದು ಇದು: ಆ ಕತೆ ಕಟ್ಟಬೇಕಾದರೆ ಮೊದಲು ಮುಂದೊಂದು ದಿನ ಇದೆ ಅಂತ ಒಪ್ಪಿಕೊಳ್ಳಬೇಕು. ಕೈಯಲ್ಲಿ ಏನೂ ಇಲ್ಲದವರು ಹಾಗೆ ಒಪ್ಪಿಕೊಂಡರು.

ನಾವೂ ಇದನ್ನು ಮಾಡಬಹುದು. ಕೊಳೆ ಜೋರಾದ ಒಂದು ವರ್ಷ ಅಪ್ಪಯ್ಯ ಮತ್ತು ಪಕ್ಕದ ಮನೆಯ ಮಾವ ಮೈಲುತುತ್ತ ಸುಣ್ಣ ತಂದಿಟ್ಟುಕೊಂಡು ಹೊಳವಿಗೆ, ಅಂದರೆ ಮಳೆ ಬಿಡುವುದಕ್ಕೆ, ಕಾಯುತ್ತಿದ್ದರು. ಅವೆರಡನ್ನು ಕಲಸಿ ಮಾಡುವ ಬೋರ್ಡೋ ಔಷಧಿ ಹೊಡೆಯಬೇಕಾದರೆ ಮಳೆ ಸ್ವಲ್ಪವಾದರೂ ಬಿಡಬೇಕಲ್ಲ. ಬಿಡುತ್ತಿರಲಿಲ್ಲ. ಕಾಯಿ ಉದುರುವ ಸದ್ದು ಜಗಲಿಗೇ ಕೇಳುತ್ತಿತ್ತು. ಅದರ ನಡುವೆ ಮಾವ ಹೇಳಿದರು: "ನಾಳೆ ನೀನು ಬೆಂಗಳೂರಿಗೆ ಮಗನ ಮನೆಗೆ ಹೋಗ್ತೀಯ ನೋಡು, ಬಾತ್‌ರೂಮಲ್ಲಿ ಶವರ್ ಬಿಟ್ಕೊಂಡು ನಿಂತು, 'ಏ, ಹೊಳವಾಗ್ತದಾ ನೋಡ್ರೋ, ಔಷಧಿ ಹೊಡೀಬೇಕು' ಅಂತ ಕೂಗ್ತೀಯ." ಅಪ್ಪಯ್ಯ ನಕ್ಕು ನಕ್ಕು ಬಾಯಲ್ಲಿದ್ದ ಎಲೆಅಡಿಕೆಯ ಕವಳ ಉಗಿಯಲು ಅಂಗಳಕ್ಕೆ ಓಡಿದರು. ಆ ವರ್ಷ ಫಸಲು ಉಳಿಯಲಿಲ್ಲ. ಆದರೆ ಆ ಮಳೆಗಾಲ ಇಬ್ಬರೂ ದಿನಾ ಸಂಜೆ ಜಗಲಿಯಲ್ಲಿ ಸೇರುವುದನ್ನು ಬಿಡಲಿಲ್ಲ.

ನೀವು ಹೀಗೆ ಮಾಡಿ. ನಿಮ್ಮಂಥದ್ದೇ ಕಷ್ಟದಲ್ಲಿರುವ ಒಬ್ಬರನ್ನು ಆರಿಸಿಕೊಳ್ಳಿ, ಇಬ್ಬರೂ ದಿನಕ್ಕೊಂದು "ಮುಂದೊಂದು ದಿನ" ಹೇಳಿ. ನಿಮ್ಮ ಕೆಲಸದ ಮಾತಿನಲ್ಲೇ ಹೇಳಿ. ಬ್ಯಾಂಕಿನವರಾದರೆ ಬ್ಯಾಂಕಿನ ಮಾತು, ಕಾರ್ಖಾನೆ ಮುಚ್ಚಿ ಕೆಲಸ ಹೋದವರಾದರೆ ಶಿಫ್ಟಿನ ಸೈರನ್ನಿನ ಮಾತು. ಅದು ಎಲ್ಲಿಂದಲೋ ಬಂದ ಜೋಕಿಗಿಂತ ಹತ್ತು ಪಟ್ಟು ಚೆನ್ನಾಗಿರುತ್ತದೆ.

ಇನ್ನು ತನ್ನ ಬಗ್ಗೆಯೇ ಆಡುವ ಕುಶಾಲು. ಇದರಲ್ಲಿ ಎರಡು ಬಗೆ ಇದೆ, ಎರಡನ್ನೂ ಬೇರೆ ಮಾಡಲು ಕಲಿಯಬೇಕು. ಕೆನಡಾದ ರಾಡ್ ಮಾರ್ಟಿನ್ ಮತ್ತು ಜೊತೆಗಾರರು 2003ರಲ್ಲಿ ನಗೆಯ ನಾಲ್ಕು ರೀತಿಗಳನ್ನು ಗುರುತಿಸಿದರು: ಜನರನ್ನು ಹತ್ತಿರ ತರುವುದು, ಕಷ್ಟದಲ್ಲಿ ತನ್ನನ್ನು ತಾನು ಎತ್ತಿ ನಿಲ್ಲಿಸುವುದು, ಬೇರೆಯವರನ್ನು ಚುಚ್ಚುವುದು, ತನ್ನನ್ನೇ ತುಳಿದುಕೊಳ್ಳುವುದು. ಮೊದಲೆರಡು ಮನಸ್ಸಿಗೆ ಒಳ್ಳೆಯದರ ಜೊತೆ, ಕೊನೆಯದು ಖಿನ್ನತೆಯ ಜೊತೆ ಕಾಣಿಸಿಕೊಳ್ಳುತ್ತದೆ.

ಅದೇ ಮಾವನಿಗೆ ಆಮೇಲೆ ಹೃದಯದ ಆಪರೇಷನ್ ಆಯಿತು. ಮನೆಗೆ ಬಂದಾಗ ಡಾಕ್ಟರು ಏನಂದರು ಅಂತ ಕೇಳಿದೆ. ಮಾವ ಅಡಿಕೆ ಮಂಡಿಯ ಮಾತಿನಲ್ಲೇ ಉತ್ತರ ಕೊಟ್ಟರು, ಅಲ್ಲಿ ಸರಕು ಅಂದರೆ ಮೇಲಿನ ದರ್ಜೆಯ ಅಡಿಕೆ, ಗೊರಬಲು ಅಂದರೆ ಕೆಳಗಿನ ದರ್ಜೆಯದು. "ಮಂಡಿಯವರ ಹಾಗೆ ಕೈಯಲ್ಲಿ ಆಡಿಸಿ ನೋಡಿದ್ರು ಮಾರಾಯ. ಸರಕು ಅಲ್ಲ ಅಂದ್ರು, ಗೊರಬಲಿಗೆ ಹಾಕಿದ್ರು. ಇರ್ಲಿ, ಗೊರಬಲೂ ಮಾರಾಟ ಆಗ್ತದಲ್ಲ" ಅಂದರು. ಮನುಷ್ಯ ತನ್ನ ಕಷ್ಟದ ಮೇಲೆ ಕಾಲೂರಿ ನಿಂತು ಆಡಿದ ಮಾತು ಅದು. ಐದಾರು ತಿಂಗಳ ನಂತರ ಮತ್ತೆ ಹೋದಾಗ ಅವರ ಮಾತು ಬದಲಾಗಿತ್ತು. "ಗೊರಬಲೂ ಅಲ್ಲ, ಸಿಪ್ಪೆ. ಗುಂಡಿಗೆ ಹಾಕಿ ಮುಗಿಸಿ." ಬಾಯಿ ನಗುತ್ತಿತ್ತು. ಕೂತಿದ್ದವರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಅವರಿಗೆ ಗೊತ್ತಾಗಿತ್ತು, ಇದು ಕುಶಾಲಲ್ಲ ಅಂತ. ಮಾವ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಅತ್ತೆ ಹಟ ಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಔಷಧಿ ಶುರುವಾಯಿತು. ಈಗ ಪರವಾಗಿಲ್ಲ.

ಯಕ್ಷಗಾನ ನೋಡುವವರಿಗೆ ಬಾಹುಕ ಗೊತ್ತು. ರಾಜ್ಯ, ಹೆಂಡತಿ, ಮಕ್ಕಳು, ಕೊನೆಗೆ ತನ್ನ ರೂಪವನ್ನೂ ಕಳೆದುಕೊಂಡ ನಳ ಅವನು, ಋತುಪರ್ಣನ ಮನೆಯಲ್ಲಿ ಚಾಕರಿಗೆ ನಿಂತವನು. ಆ ಪಾತ್ರ ಹಾಸ್ಯಗಾರನ ಪಾಲಿಗೆ ಬರುತ್ತದೆ. ಸೊಟ್ಟ ನಡಿಗೆಗೆ ನಕ್ಕ ಸಭೆಯೇ ಬೆಳಗಿನ ಜಾವ ಅವನು ದಮಯಂತಿಯ ಎದುರು ನಿಂತಾಗ ಕಣ್ಣೊರೆಸಿಕೊಳ್ಳುತ್ತದೆ. ಒಳ್ಳೆಯ ಹಾಸ್ಯಗಾರ ನಗಿಸುವಾಗಲೂ ಒಳಗಿರುವ ನಳನನ್ನು ಬಿಟ್ಟುಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಎಲ್ಲರನ್ನೂ ನಗಿಸುತ್ತಲೇ ಇದ್ದರೆ ಅವರ ಹತ್ತಿರ ಒಂದು ಗಳಿಗೆ ಒಬ್ಬರೇ ಕೂತು "ನೀನು ಹೇಗಿದೀಯ" ಅಂತ ಕೇಳಿ.

ಆರು: ಕೈ ಹಾಕಬಾರದ ಕಡೆ

ಸಾವು ಹೇಗೆ ಆಯಿತು ಅನ್ನುವುದರ ಬಗ್ಗೆ ತಮಾಷೆ ಬೇಡ. ಆತ್ಮಹತ್ಯೆಯಾದ ಮನೆಯಲ್ಲಿ, ಮಗು ಹೋದ ಮನೆಯಲ್ಲಿ ಹೊರಗಿನವರು ಸುಮ್ಮನಿರಬೇಕು, ಅಷ್ಟೇ. ಯಾರದೋ ಜಾತಿ, ಮೈಬಣ್ಣ, ಅಂಗವೈಕಲ್ಯ, ಬಡತನ ಹಿಡಿದು ಆಡುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ವಿಧವೆಯಾದವರನ್ನು ಮತ್ತೆ ಮದುವೆಯ ಮಾತೆತ್ತಿ ನಗಿಸಲು ಹೋಗುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ.

ಚಿಕ್ಕ ಮಕ್ಕಳ ಎದುರು ಎಚ್ಚರ. ಅವರು ಮಾತನ್ನು ಇದ್ದ ಹಾಗೇ ಹಿಡಿಯುತ್ತಾರೆ. "ಅಜ್ಜ ಕೋಪ ಮಾಡ್ಕೊಂಡು ಹೋದ್ರು" ಅಂತ ನೀವು ನಗುತ್ತಾ ಅಂದರೆ ಮಗು ರಾತ್ರಿಯೆಲ್ಲಾ ತಾನೇನು ತಪ್ಪು ಮಾಡಿದೆ ಅಂತ ಯೋಚಿಸಬಹುದು.

ಏಳು: ನಗು ಬಾರದೇ ಹೋದರೆ

ಬಾರದಿದ್ದರೆ ಬಾರದು. ಮೊದಲ ತಿಂಗಳುಗಳಲ್ಲಿ ಏನನ್ನೂ ಒತ್ತಾಯ ಮಾಡಬೇಡಿ. ಆದರೆ ಆರು ತಿಂಗಳು ದಾಟಿದ ಮೇಲೂ ಸಂಕಟ ಸ್ವಲ್ಪವೂ ಇಳಿಯದೆ, ದಿನದ ಕೆಲಸವನ್ನೂ ಮಾಡಲಾಗದೆ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಈಗ ಇದು ಸೇರಿದೆ. ಇನ್ನು "ನಾನಿದ್ದು ಏನು ಪ್ರಯೋಜನ", "ನಾನಿಲ್ದಿದ್ರೆ ನಿಮಗೆ ಆರಾಮ" ಅನ್ನುವ ಮಾತು ನಗುತ್ತಾ ಬಂದರೂ ನಿಜ ಅಂತಲೇ ತೆಗೆದುಕೊಳ್ಳಿ. ಆರು ತಿಂಗಳು ಕಾಯಬೇಡಿ, ಆ ದಿನವೇ ಕೇಳಿ. "ಸಾಯಬೇಕು ಅನ್ನಿಸ್ತಿದ್ಯಾ?" ಅಂತ ನೇರವಾಗಿ ಕೇಳಬಹುದು, ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಕಳೆನಾಶಕ, ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ಆಚೆ ಸಾಗಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗಕ್ಕೆ ಹೋಗಲು ಆಗುವವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ.

ಮತ್ತೆ, ಮೊದಲ ವರ್ಷದ ಹಬ್ಬ

ಸಾವಾದ ಮನೆಗೆ ಆ ವರ್ಷ ಹಬ್ಬ ಇಲ್ಲ. ಎಲ್ಲರ ಮನೆಯಲ್ಲಿ ದೀಪ, ನಿಮ್ಮದು ಮಾತ್ರ ಕತ್ತಲು. ಆ ದಿನಗಳಿಗೆ ಮೊದಲೇ ಯೋಚನೆ ಮಾಡಿಟ್ಟುಕೊಳ್ಳಿ. ಯಾರು ಬಂದು ಇರುತ್ತಾರೆ, ಏನು ಅಡುಗೆ, ಹೋದವರ ಯಾವ ಕತೆ ಆ ದಿನಕ್ಕೆ ಸೇರಿದ್ದು ಅಂತ.

ದೀಪಾವಳಿಯ ಬೂರೆ ರಾತ್ರಿ ನಮ್ಮೂರಿನ ಹುಡುಗರು ಮನೆ ಮನೆಯ ಹಿತ್ತಲಿಗೆ ನುಗ್ಗಿ ಸೌತೆಕಾಯಿ, ಎಳನೀರು ಕದಿಯುತ್ತಾರೆ, ಅವತ್ತು ಯಾರೂ ಬೈಯುವ ಹಾಗಿಲ್ಲ. ಅಪ್ಪಯ್ಯ ವರ್ಷಾ ವರ್ಷಾ ಆ ಟಾರ್ಚ್ ಹಿಡಿದು ಕಾವಲು ಕೂರುತ್ತಿದ್ದರು, ವರ್ಷಾ ವರ್ಷಾ ಬೆಳಗಿನ ಜಾವ ಅಲ್ಲೇ ನಿದ್ದೆ ಹೋಗುತ್ತಿದ್ದರು. ಅವರು ತೀರಿಕೊಂಡ ವರ್ಷ ಹುಡುಗರು ಹಿಂದಿನ ದಿನವೇ ಬಂದು ಅಂಗಳದಲ್ಲಿ ತಲೆ ತಗ್ಗಿಸಿ ನಿಂತರು. "ಅಮ್ಮ, ಈ ಸಲ ನಿಮ್ಮನೆಗೆ ಬರೋದಿಲ್ಲ" ಅಂದರು. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಬರದೆ ಇದ್ರೆ ಅವರಿಗೆ ಬೇಜಾರಾಗ್ತದೆ, ಬನ್ನಿ" ಅಂದಳು.

ರಾತ್ರಿ ನಾವು ಯಾರೂ ಮಲಗಲಿಲ್ಲ. ಹಿತ್ತಲಲ್ಲಿ ಪಿಸುಮಾತು, ಸೊಪ್ಪು ಸರಿದ ಸದ್ದು, ಯಾರೋ ಜಾರಿ ಬಿದ್ದದ್ದು, ಎಲ್ಲ ಕೇಳಿಸಿತು. ಅಮ್ಮ ಕತ್ತಲಲ್ಲಿ ಕಿಟಕಿಯ ಹತ್ತಿರ ಕೂತಿದ್ದಳು. ಬೆಳಗಾದ ಮೇಲೆ ಹೋಗಿ ನೋಡಿದರೆ ಎಳೆ ಸೌತೆಕಾಯಿ ಎಲ್ಲ ಬಳ್ಳಿಯಲ್ಲೇ ಇದ್ದವು, ಬಲಿತು ಹಣ್ಣಾದದ್ದನ್ನು ಮಾತ್ರ ಕೊಯ್ದಿದ್ದರು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ಬಳ್ಳಿ ನೋಡುತ್ತಾ ಜೋರಾಗಿ ನಕ್ಕಳು. "ಅವರು ಕಾವಲು ಕೂತಿದ್ದಾಗ ಒಂದೂ ಉಳಿಸ್ತಿರಲಿಲ್ಲ ನೋಡು ಇವ್ರು" ಅಂದಳು. ಪಕ್ಕದ ಮನೆಯ ಅತ್ತಿಗೆ ಬೇಲಿಯಾಚೆ ನಿಂತು ನೋಡುತ್ತಿದ್ದರು. ಅಮ್ಮ ಈ ಸಲ ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ, "ಬಾ ಇಲ್ಲಿ, ನೋಡು ಬಾ" ಅಂತ ಅವರನ್ನೂ ಕರೆದಳು.